ಬೆಳಕಿಗೆ ಮುಂಚಿನ ಬಿಸಿ

ಕಾರ್ತಿಕ ಮಾಸದ ಚಳಿಯು ಮೆಲ್ಲನೆ ಇಳಿಯತೊಡಗಿ, ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಅಡಿಕೆ ತೋಟಗಳಲ್ಲಿ ಕೊನೆಕೊಯ್ಲು ಆರಂಭವಾಯಿತೆಂದರೆ, ಹಗಲಿನ ದುಡಿಮೆ ಮುಗಿದ ಮೇಲೆ ರಾತ್ರಿಯ ದುಡಿಮೆಯು ಮೊದಲಾಗುತ್ತಿದ್ದ ಕಾಲವೊಂದಿತ್ತು. ಕೊನೆಗೌಡನು ಮರದಿಂದ ಮರಕ್ಕೆ ಬಾಗುತ್ತ ಇಳಿಸಿದ ಹಸಿ ಗೊನೆಗಳು ಸಂಜೆಯ ಹೊತ್ತಿಗೆ ಅಂಗಳವನ್ನು ಸೇರಿದುವೆಂದರೆ ಅವನ್ನು ಬಹಳ ದಿನ ಕೂಡಿಡುವಂತಿಲ್ಲ. ಹಸಿಯಿರುವಾಗಲೇ ಸುಲಿದು, ಚೊಗರು ಬೆರೆಸಿದ ಹಂಡೆಯಲ್ಲಿ ಬೇಯಿಸಿ, ಚಪ್ಪರದ ಮೇಲೆ ಹರವಬೇಕು. ಆದುದರಿಂದ ಊಟ ಮುಗಿಸಿದ ಗಂಡಸರೂ ಹೆಂಗಸರೂ ಮೆಟ್ಟುಗತ್ತಿಗಳನ್ನು ಕಾಲಡಿಯಲ್ಲಿರಿಸಿಕೊಂಡು ವರ್ತುಲಾಕಾರವಾಗಿ ಕುಳಿತು, ಊರ ಸುದ್ದಿಯನ್ನೂ ಪುರಾಣದ ಕಥೆಯನ್ನೂ ಬಿಚ್ಚಿಕೊಳ್ಳುತ್ತ, ನಡುರಾತ್ರಿಯವರೆಗೆ ಅಡಿಕೆ ಸುಲಿಯುತ್ತಿದ್ದರು. ಕಾಯನ್ನು ಅಲಗಿಗೊತ್ತಿ ಸಿಪ್ಪೆಯನ್ನು ಸೀಳುವ ಆ ಕೆಲಸದಲ್ಲಿ ಹೆಬ್ಬೆರಳಿಗೂ ಉಕ್ಕಿನ ಬಾಯಿಗೂ ಇರುವ ಅಂತರವು ಅತ್ಯಲ್ಪವಾದುದು; ಚಿಮಣಿ ಬುಡ್ಡಿಯ ಮಬ್ಬು ಬೆಳಕು ಅದಕ್ಕೆ ಸಾಲದು. ಆದುದರಿಂದಲೇ ಆ ವರ್ತುಲದ ಮಧ್ಯದಲ್ಲಿ, ಚಪ್ಪರದ ತೊಲೆಗೆ ಕಟ್ಟಿದ ಹಗ್ಗದ ತುದಿಯಲ್ಲಿ, ಅವಿಚ್ಛಿನ್ನವಾದ ಭುಸ್ಸೆಂಬ ನಾದವನ್ನು ಹೊರಡಿಸುತ್ತ ಗ್ಯಾಸ್‌ಲೈಟು ತೂಗುತ್ತಿದ್ದಿತು.

ಪೆಟ್ರೋಮ್ಯಾಕ್ಸ್ ಎಂದೂ ಗ್ಯಾಸ್‌ಲೈಟು ಎಂದೂ ಮಲೆನಾಡಿನವರು ಕರೆದ ಈ ದೀಪವನ್ನು ಕಡ್ಡಿ ಗೀರಿದೊಡನೆ ಹೊತ್ತಿಸಲು ಬರುತ್ತಿರಲಿಲ್ಲ. ಬೆಳಕನ್ನು ಕೊಡುವುದಕ್ಕೆ ಮುಂಚೆ ಅದಕ್ಕೆ ಬಿಸಿ ಬೇಕು, ಗಾಳಿ ಬೇಕು, ಹೊಸ ಬಟ್ಟೆ ಬೇಕು. ಈ ಮೂರನ್ನೂ ತಕ್ಕ ಕ್ರಮದಲ್ಲಿ, ತಕ್ಕ ವೇಳೆಯಲ್ಲಿ ಒದಗಿಸಿದವನಿಗೆ ಮಾತ್ರ ಅದು ಒಲಿಯುತ್ತಿದ್ದಿತು. ಊರಿಗೊಬ್ಬಿಬ್ಬರು ಅದರ ಮರ್ಮವನ್ನು ಬಲ್ಲವರಿರುತ್ತಿದ್ದರು. ಉಳಿದವರು ದೂರ ನಿಂತು ನೋಡುತ್ತಿದ್ದರು. ಬಲ್ಲವರೂ ಸಹ ಬಹುಮಟ್ಟಿಗೆ ಹಿರಿಯರು ಮಾಡಿದುದನ್ನು ಕಂಡು ಹಾಗೆಯೇ ಮಾಡತಕ್ಕವರಾಗಿದ್ದರೇ ಹೊರತು, ಏಕೆ ಹಾಗೆ ಮಾಡಬೇಕೆಂಬುದನ್ನು ಅವರಿಗೆ ಯಾರೂ ಹೇಳಿದ್ದಿಲ್ಲ. ಕಾರಣವನ್ನರಿಯದ ಕೈಗೆ ಭಯವು ಸಹಜವಾದುದು. ಈಗ ಅನೇಕ ಮನೆಗಳ ಅಟ್ಟಗಳಲ್ಲಿ ಹಿತ್ತಾಳೆಯ ಹೊಟ್ಟೆಗೆ ಕಿಲುಬು ಹತ್ತಿಸಿಕೊಂಡು ಕುಳಿತಿರುವ ಈ ದೀಪಗಳನ್ನು ಕೆಳಗಿಳಿಸಿ ಮತ್ತೆ ಉರಿಸಬೇಕೆಂಬ ಆಸೆಯುಳ್ಳ ಎಳೆಯರಿದ್ದಾರೆ. ಕ್ರಮವನ್ನು ಕಾರಣದೊಂದಿಗೆ ತಿಳಿದರೆ ಯಾವ ಹೊಸಬನಾದರೂ ಈ ವಿದ್ಯೆಯನ್ನು ಕೈವಶ ಮಾಡಿಕೊಳ್ಳಬಲ್ಲನೆಂಬುದು ನನ್ನ ದೃಢವಾದ ನಂಬಿಕೆ.

ಬತ್ತಿಯ ದೀಪದಿಂದಲೇ ಮೊದಲುಮಾಡುವುದು ಯುಕ್ತ, ಏಕೆಂದರೆ ಗ್ಯಾಸ್‌ಲೈಟಿನ ನಿಯಮವು ಅದರ ನಿಯಮಕ್ಕೆ ತೀರ ವಿರುದ್ಧವಾದುದು. ಈ ಸೀಮೆಯಲ್ಲಿ ದೀಪಾವಳಿಯ ರಾತ್ರಿಗಳಂದು ಅಂಟಿಗೆ ಪಂಟಿಗೆಯ ತಂಡದವರು ಹೊತ್ತಿಸಿದ ಜ್ಯೋತಿಯನ್ನು ಆರಗೊಡದೆ ಮನೆಯಿಂದ ಮನೆಗೆ ಒಯ್ಯುತ್ತ, ಪದ ಹಾಡುತ್ತ, ಬಾಗಿಲು ಬಾಗಿಲಿಗೂ ಎಣ್ಣೆಯನ್ನು ಪಡೆಯುತ್ತ ಸಾಗುವ ಸಂಪ್ರದಾಯವನ್ನು ಕಂಡವರಿಗೆ, ಬತ್ತಿಗೂ ಎಣ್ಣೆಗೂ ಇರುವ ಸಂಬಂಧವನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಹತ್ತಿಯ ಎಳೆಗಳ ನಡುವಣ ಸೂಕ್ಷ್ಮ ಸಂದುಗಳಲ್ಲಿ ಎಣ್ಣೆಯು ತಾನಾಗಿ ಮೇಲೇರುತ್ತದೆ. ಏರಿದ ಎಣ್ಣೆ ತುದಿಯಲ್ಲಿ ಉರಿಯುತ್ತದೆ. ಎಣ್ಣೆಯು ಉರಿಯುವವರೆಗೆ ಹತ್ತಿಗೆ ರಕ್ಷಣೆಯುಂಟು. ಲಾಟೀನಿಗೆ ಹೊಸ ಬತ್ತಿಯನ್ನು ಹಾಕಿದವನು ಅದು ತುದಿಯವರೆಗೆ ನೆನೆಯುವುದನ್ನು ಕಾಯದೆ ಕಡ್ಡಿ ಗೀರಿದನಾದರೆ ಸುಡುವುದು ಎಣ್ಣೆಯಲ್ಲ, ಹತ್ತಿಯೇ; ಒಮ್ಮೆ ಕರಿಕಟ್ಟಿದ ಬತ್ತಿಯಲ್ಲಿ ಆಮೇಲೆ ಎಣ್ಣೆ ಸಲೀಸಾಗಿ ಏರದು. ನಮ್ಮ ಮಲೆನಾಡಿನಲ್ಲಿ ಇದಕ್ಕೂ ಮುಂಚಿನ ಒಂದು ಕ್ರಮವಿದ್ದಿತು: ಬತ್ತಿಯನ್ನು ಒಲೆಯ ದಂಡೆಯ ಮೇಲೆ ಒಂದು ರಾತ್ರಿ ಬೆಚ್ಚಗಿರಿಸುವುದು. ಆಗುಂಬೆಯ ಕಡೆಯ ಮೋಡವು ಮನೆಯೊಳಕ್ಕೇ ನುಗ್ಗುವ ತಿಂಗಳುಗಳಲ್ಲಿ ಹತ್ತಿಯು ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ. ನೀರು ತುಂಬಿದ ಸಂದಿಗೆ ಸೀಮೆಎಣ್ಣೆಯು ಪ್ರವೇಶಿಸಲಾರದು. ಒಣಗಿಸಿ, ನೆನೆಸಿ, ತುದಿಯ ಎರಡು ಮೂಲೆಗಳನ್ನು ಕತ್ತರಿಯಿಂದ ಕೊಂಚವೇ ಸವರಿದರೆ ಜ್ವಾಲೆಗೆ ಕೊಂಬು ಮೂಡುವುದಿಲ್ಲ, ಗಾಜಿಗೆ ಮಸಿ ಹಿಡಿಯುವುದಿಲ್ಲ.

ಗ್ಯಾಸ್‌ಲೈಟಿನಲ್ಲಿ ಬತ್ತಿಯಿಲ್ಲ. ಸೀಮೆಎಣ್ಣೆಯು ದ್ರವವಾಗಿ ಉರಿಯದೆ, ಮೊದಲು ಆವಿಯಾಗಿ, ಆ ಆವಿಯು ಸೂಜಿಮೊನೆಯಂಥ ರಂಧ್ರದ ಮೂಲಕ ರಭಸದಿಂದ ಚಿಮ್ಮಿ, ಚಿಮ್ಮುವಾಗಲೇ ಸುತ್ತಲ ಗಾಳಿಯನ್ನು ಎಳೆದುಕೊಂಡು, ಹೀಗೆ ಬೆರೆತ ಅನಿಲವು ನೀಲಿಯಾಗಿ ಉರಿಯುತ್ತದೆ. ಈ ನೀಲಿ ಜ್ವಾಲೆಗೆ ಶಾಖವು ಬಹಳ, ಬೆಳಕು ಸ್ವಲ್ಪ. ಆ ಶಾಖವನ್ನು ಬೆಳಕಾಗಿ ಮಾರ್ಪಡಿಸುವುದಕ್ಕೆ ಮ್ಯಾಂಟಲ್ ಎಂಬ ಪುಟ್ಟ ಚೀಲವಿದೆ; ಅದರ ಮಾತು ಮುಂದೆ ಬರುತ್ತದೆ. ಒಮ್ಮೆ ದೀಪವು ಹತ್ತಿಕೊಂಡಿತೆಂದರೆ, ಮ್ಯಾಂಟಲಿನ ಪಕ್ಕದಲ್ಲಿಯೇ ಹಾದುಹೋಗುವ ಆವಿಕೊಳವೆಯು ಅದರ ಶಾಖದಿಂದಲೇ ಕಾದು, ಕೆಳಗಿನಿಂದ ಏರಿಬರುವ ಎಣ್ಣೆಯನ್ನು ಸತತವಾಗಿ ಆವಿಯನ್ನಾಗಿಸುತ್ತಿರುತ್ತದೆ. ದೀಪವು ತನ್ನ ಆಹಾರವನ್ನು ತಾನೇ ಬೇಯಿಸಿಕೊಳ್ಳುತ್ತದೆ. ಆದರೆ ಮೊತ್ತಮೊದಲು, ಕೊಳವೆಯು ತಣ್ಣಗಿರುವಾಗ, ಬೇಯಿಸತಕ್ಕವರು ಯಾರು? ಸೀಮೆಎಣ್ಣೆಯು ಸುಮಾರು 150 ಡಿಗ್ರಿಯಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗಿನ ವಿಸ್ತಾರದಲ್ಲಿ ಕುದಿಯುವ ಅನೇಕ ದ್ರವ್ಯಗಳ ಮಿಶ್ರಣ. ಅಷ್ಟು ಶಾಖವನ್ನು ಹೊರಗಿನಿಂದಲೇ ಮೊದಲು ಕೊಡಬೇಕು. ಬತ್ತಿಯ ದೀಪದಲ್ಲಿ ಬೆಂಕಿಗಿಂತ ಮೊದಲು ಎಣ್ಣೆ. ಇಲ್ಲಿ ಎಣ್ಣೆಗಿಂತ ಮೊದಲು ಬೆಂಕಿ. ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡವನು ಉಳಿದೆಲ್ಲ ವಿಧಿಗಳನ್ನೂ ತಾನೇ ಊಹಿಸಿಕೊಳ್ಳಬಲ್ಲನು.

ಇದರ ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳಬಹುದು. ಆಸ್ಟ್ರಿಯಾ ದೇಶದ ರಸಾಯನಶಾಸ್ತ್ರಜ್ಞನಾದ ಕಾರ್ಲ್ ಔಯರ್ ಫಾನ್ ವೆಲ್ಸ್‌ಬಾಖ್ ಎಂಬಾತನು, ಬುನ್ಸೆನ್ ಗುರುವಿನ ಶಿಷ್ಯನು, ಲವಣಗಳಲ್ಲಿ ಅದ್ದಿದ ನೂಲಿನ ಚೀಲವನ್ನು ಜ್ವಾಲೆಯಲ್ಲಿ ಹಿಡಿದರೆ ಅದು ಪ್ರಕಾಶಿಸುವುದೆಂಬುದನ್ನು ಕಂಡುಕೊಂಡು 1885ರಲ್ಲಿ ಹಕ್ಕುಪತ್ರವನ್ನು ಪಡೆದನು. ಆ ಮೊದಲ ಚೀಲಗಳು ಹಸಿರು ಛಾಯೆಯ ಬೆಳಕನ್ನು ಬೀರಿ, ಬೇಗನೆ ಪುಡಿಯಾಗಿ, ಜನರ ಮನ್ನಣೆಯನ್ನು ಪಡೆಯಲಿಲ್ಲ. 1891ರಲ್ಲಿ ಆತನು ನೂರಕ್ಕೆ 99 ಭಾಗ ಥೋರಿಯಂ ಆಕ್ಸೈಡಿಗೆ 1 ಭಾಗ ಸೀರಿಯಂ ಆಕ್ಸೈಡನ್ನು ಬೆರೆಸಿದಾಗ ಶುಭ್ರವಾದ ಬಿಳಿ ಬೆಳಕು ಹೊಮ್ಮಿತು. 1892ರ ಸುಮಾರಿಗೆ ಸ್ವೀಡನ್ನಿನಲ್ಲಿ ಹುಟ್ಟಿದ ಪ್ರೈಮಸ್ ಒಲೆಯು, ನಮ್ಮ ಮನೆಗಳಲ್ಲಿ ಪಂಪ್ ಸ್ಟವ್ ಎಂದು ಬಳಕೆಗೆ ಬಂದುದು, ಒತ್ತಡದಲ್ಲಿರುವ ಸೀಮೆಎಣ್ಣೆಯನ್ನು ಕಾದ ಕೊಳವೆಯಲ್ಲಿ ಆವಿಯಾಗಿಸುವ ಮಾರ್ಗವನ್ನು ತೋರಿಸಿಕೊಟ್ಟಿತು. ಈ ಎರಡು ಯುಕ್ತಿಗಳನ್ನು ಒಂದುಗೂಡಿಸಿ, 1910ರ ಸುಮಾರಿಗೆ, ಬರ್ಲಿನ್ನಿನ ಎಹ್ರಿಖ್ ಮತ್ತು ಗ್ರೇಟ್ಸ್ ಕಾರ್ಖಾನೆಯ ಮ್ಯಾಕ್ಸ್ ಗ್ರೇಟ್ಸನು ಪೆಟ್ರೋಮ್ಯಾಕ್ಸ್ ದೀಪವನ್ನು ಹೊರತಂದನು. ಹಡಗನ್ನೇರಿ, ಘಟ್ಟವನ್ನೇರಿ ಅದು ನಮ್ಮ ಅಂಗಳಗಳನ್ನು ತಲಪಿತು. ಮುಂದೆ ಭಾರತದ ಕಾರ್ಖಾನೆಗಳೂ ಅದೇ ಮಾದರಿಯ ದೀಪಗಳನ್ನು ಮಾಡಿದುವು. ಮ್ಯಾಂಟಲಿನ ಥೋರಿಯಮ್ಮಿಗಂತೂ ನಮ್ಮ ನೆಲದೊಡನೆಯೇ ನಂಟುಂಟು: ತಿರುವಾಂಕೂರು ಸಂಸ್ಥಾನದ ಮಣವಾಳಕುರಿಚಿಯ ಕಡಲತಡಿಯ ಮರಳಿನಲ್ಲಿ ಮೊನಜೈಟ್ ಇರುವುದನ್ನು 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ಗೃಹಸ್ಥನು ಗುರುತಿಸಿದ ಬಳಿಕ, ಆ ಮರಳು ಯೂರೋಪಿಗೆ ಸಾಗಿ ಅಲ್ಲಿಯ ದೀಪಗಳನ್ನು ಬೆಳಗಿತು. ಸ್ವಾತಂತ್ರ್ಯಾನಂತರ 1950ರಲ್ಲಿ ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆಯು ಸ್ಥಾಪಿತವಾಗಿ, ಅದರ ಆಲುವಾ ಕಾರ್ಖಾನೆಯನ್ನು 1952ರಲ್ಲಿ ನೆಹರೂ ಅವರು ಉದ್ಘಾಟಿಸಿದರು.

ಇನ್ನು ದೀಪವನ್ನು ಸಿದ್ಧಗೊಳಿಸುವ ಬಗೆ. ಎಣ್ಣೆಯನ್ನು ತುಂಬುವುದರಿಂದ ಮೊದಲುಮಾಡೋಣ. ತೊಟ್ಟಿಯು ಸುಮಾರು ಒಂದು ಲೀಟರಿನದು. ಅದನ್ನು ಕಂಠದವರೆಗೆ ತುಂಬಬಾರದು, ಮುಕ್ಕಾಲು ಪಾಲಿಗೆ ನಿಲ್ಲಿಸಬೇಕು. ಉಳಿದ ಕಾಲು ಪಾಲು ಗಾಳಿಯ ಸ್ಥಾನ. ಪಂಪಿನಿಂದ ಒತ್ತಿದ ಆ ಗಾಳಿಯೇ ಎಣ್ಣೆಯನ್ನು ಮೇಲಕ್ಕೆ ನೂಕತಕ್ಕ ಶಕ್ತಿಯಾದುದರಿಂದ, ಅದಕ್ಕೆ ಎಡೆಯಿಲ್ಲದಿದ್ದರೆ ಅರೆಗಳಿಗೆಗೊಮ್ಮೆ ಪಂಪು ಹೊಡೆಯುತ್ತಲೇ ಇರಬೇಕಾಗುತ್ತದೆ. ಎಣ್ಣೆಯನ್ನು ತೆಳುವಾದ ಬಟ್ಟೆಯಲ್ಲಿ ಶೋಧಿಸಿಯೇ ಹೊಯ್ಯತಕ್ಕದ್ದು. ಪೀಪಾಯಿಯ ತಳದ ತುಕ್ಕಿನ ಒಂದು ಕಣ, ನೀರಿನ ಒಂದು ಹನಿ, ನಡುರಾತ್ರಿಯಲ್ಲಿ ಇಡೀ ಅಂಗಳವನ್ನು ಕತ್ತಲೆಗೆ ನೂಕಲು ಸಾಕಾಗುತ್ತದೆ. ಮುಚ್ಚಳದ ಮೇಲಿರುವ ಗಾಳಿ ತಿರುಪನ್ನು ಈಗ ಸಡಿಲವಾಗಿಯೇ ಬಿಟ್ಟಿರಬೇಕು.

ಅನಂತರದ್ದು ಮ್ಯಾಂಟಲಿನ ಕೆಲಸ. ಅಂಗಡಿಯಿಂದ ತಂದ ಮ್ಯಾಂಟಲು ಹಗುರವಾದ, ನೆರಿಗೆಯುಳ್ಳ, ಮೃದುವಾದ ನೂಲಿನ ಚೀಲ. ಅದು ಥೋರಿಯಂ, ಸೀರಿಯಂ ನೈಟ್ರೇಟುಗಳ ದ್ರಾವಣದಲ್ಲಿ ಅದ್ದಿ ಒಣಗಿಸಿದುದು. ಅದರ ಬಾಯಿಗೆ ಪೋಣಿಸಿರುವ ದಾರವನ್ನು ಸಡಿಲಿಸಿ, ದೀಪದ ತಲೆಯಿಂದ ಕೆಳಮುಖವಾಗಿ ಇಳಿದಿರುವ ಬಿಳಿ ಪಿಂಗಾಣಿಯ ಮೂತಿಗೆ ತೊಡಿಸಿ, ಅದರ ಕುತ್ತಿಗೆಯ ಕಚ್ಚಿನಲ್ಲಿ ದಾರವು ಕೂರುವಂತೆ ಬಿಗಿದು, ಎರಡು ಗಂಟು ಹಾಕಿ, ಉಳಿದ ದಾರವನ್ನು ಗಂಟಿನ ಬುಡಕ್ಕೆ ಕತ್ತರಿಸಬೇಕು. ದಾರದ ತುದಿ ಜೋತುಬಿದ್ದರೆ ಅದು ಚೀಲವನ್ನು ಮುಟ್ಟಿದ ಎಡೆಯಲ್ಲಿ ಕಪ್ಪು ಕಲೆಯೂ ಮುಂದೆ ತೂತೂ ಆಗುವುದುಂಟು. ಕಟ್ಟಿದ ಮೇಲೆ ನೆರಿಗೆಗಳನ್ನು ಸುತ್ತಲೂ ಸಮವಾಗಿ ಹರಡುವುದನ್ನು ಹೊಸಬರು ಅಲಕ್ಷಿಸುತ್ತಾರೆ. ಒಂದು ಪಕ್ಕಕ್ಕೆ ಬಟ್ಟೆಯು ಗುಡ್ಡೆಗೂಡಿ ಇನ್ನೊಂದು ಪಕ್ಕಕ್ಕೆ ಬಿಗಿದು ನಿಂತರೆ, ಉಬ್ಬುವ ಹೊತ್ತಿನಲ್ಲಿ ಬಿಗಿದ ಪಕ್ಕವು ಹರಿಯುತ್ತದೆ. ಸಾಗರದ ಪೇಟೆಯಲ್ಲಿ ಮದುವೆಮನೆಗಳಿಗೆ ದೀಪಗಳನ್ನು ಬಾಡಿಗೆಗೆ ಕೊಡುತ್ತಿದ್ದವರು, ಮ್ಯಾಂಟಲ್ ಕಟ್ಟಿದ ಬಳಿಕ ಬೆರಳ ತುದಿಯನ್ನು ಒಳಗಿಟ್ಟು ಮೆಲ್ಲಗೆ ಸುತ್ತಲೂ ಆಡಿಸಿ ಚೀಲದ ತಳವು ಮೂತಿಯ ನೇರಕ್ಕೆ ಬರುವಂತೆ ಮಾಡುತ್ತಿದ್ದರು. ಆ ಒಂದು ನಿಮಿಷದ ಉಪಚಾರವು ಒಂದು ರಾತ್ರಿಯ ನೆಮ್ಮದಿಗೆ ಕಾರಣವಾಗುತ್ತಿದ್ದಿತು.

ಬಳಿಕ ಆವಿಕೊಳವೆಯ ಬುಡದಲ್ಲಿರುವ ಪುಟ್ಟ ಬಟ್ಟಲಿಗೆ, ಉದ್ದ ಮೂತಿಯ ಡಬ್ಬಿಯಿಂದ ಸ್ಪಿರಿಟನ್ನು ಚೆಲ್ಲದಂತೆ ತುಂಬಿ, ಕಡ್ಡಿ ಗೀರಿ, ಕೈಕಟ್ಟಿ ಕುಳಿತುಕೊಳ್ಳಬೇಕು. ಈ ಕಾಯುವಿಕೆಯೇ ಸಮಸ್ತ ವಿದ್ಯೆಯ ಹೃದಯವೆಂದು ಹೇಳಿದರೆ ಅತ್ಯುಕ್ತಿಯಾಗದು. ಸ್ಪಿರಿಟಿನ ಮಸಿಯಿಲ್ಲದ ಜ್ವಾಲೆಯು ಕೊಳವೆಯನ್ನು ಸುತ್ತುವರಿದು ಕಾಯಿಸುತ್ತದೆ. ಮೇಲಿನ ಮ್ಯಾಂಟಲನ್ನೂ ಮುಟ್ಟಿ ಅದರ ನೂಲನ್ನು ಸುಟ್ಟುಬಿಡುತ್ತದೆ. ಮೊದಲು ಅಂಚು ಕಪ್ಪಾಗಿ, ಕಪ್ಪು ಕೆಳಗಿಳಿದು, ಹಿಂದೆಯೇ ಬಿಳುಪು ಹಬ್ಬಿ, ಚೀಲವು ಕುಗ್ಗುತ್ತ ಕುಗ್ಗುತ್ತ ಬೂದಿಯ ಬಿಳಿಯ ಬಲೆಯಾಗಿ ನಿಲ್ಲುತ್ತದೆ. ನೂಲು ಹೋಯಿತು, ನೈಟ್ರೇಟುಗಳು ಆಕ್ಸೈಡುಗಳಾದುವು. ಈಗ ಉಳಿದಿರುವುದು ಆ ನೂಲಿನ ಆಕಾರವನ್ನು ಹೊತ್ತ ಲೋಹಭಸ್ಮ ಮಾತ್ರ. ಇಲ್ಲಿಂದ ಮುಂದೆ ಅದನ್ನು ಕೈ ಮುಟ್ಟಬಾರದು, ದೀಪವನ್ನು ಕುಕ್ಕಬಾರದು, ಬಳಿಯಲ್ಲಿ ನಿಂತು ಊದಬಾರದು. ಪುಷ್ಯಮಾಸದ ಚಳಿಯ ರಾತ್ರಿಗಳಲ್ಲಿ ಒಂದು ಬಟ್ಟಲು ಸ್ಪಿರಿಟ್ ಸಾಲದೆ ಬರುವುದುಂಟು. ಆಗ ಮೊದಲಿನದು ಪೂರ್ತಿ ಆರಿ, ಬಟ್ಟಲು ತಣಿದ ಮೇಲೆಯೇ ಎರಡನೆಯದನ್ನು ತುಂಬಬೇಕು. ಉರಿಯುತ್ತಿರುವ ಬಟ್ಟಲಿಗೆ ಸ್ಪಿರಿಟ್ ಹೊಯ್ಯುವ ಸಾಹಸವನ್ನು ಯಾರೂ ಮಾಡಬಾರದು. ಜ್ವಾಲೆಯು ಧಾರೆಯನ್ನೇ ಹಿಡಿದು ಡಬ್ಬಿಯನ್ನು ಪ್ರವೇಶಿಸುತ್ತದೆ. ಸ್ಪಿರಿಟ್ ಸಿಗದ ಹಳ್ಳಿಗಳಲ್ಲಿ ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಚೂರನ್ನು ಸುತ್ತಿ ಕೆಲಸ ಸಾಗಿಸುತ್ತಿದ್ದರು. ಕೊಳವೆಯೇನೋ ಕಾಯುತ್ತಿತ್ತು, ಆದರೆ ಎಲ್ಲೆಡೆಯೂ ಮಸಿ ಹಿಡಿಯುತ್ತಿತ್ತು.

ಸ್ಪಿರಿಟು ಮುಗಿಯುತ್ತ ಬಂದು ಜ್ವಾಲೆಯು ಬಟ್ಟಲಿನಲ್ಲಿ ತತ್ತರಿಸತೊಡಗಿದಾಗ ಗಾಳಿ ತಿರುಪನ್ನು ಬಿಗಿದು, ನಾಲ್ಕಾರು ಸಲ ಪಂಪು ಒತ್ತಿ, ಎಣ್ಣೆಯನ್ನು ಮೇಲಕ್ಕೆ ಬಿಡುವ ಚಕ್ರವನ್ನು ಮೆಲ್ಲನೆ ತೆರೆಯಬೇಕು. ಕೊಳವೆಯು ತಕ್ಕಷ್ಟು ಕಾದಿದ್ದರೆ, ಸಣ್ಣದೊಂದು ಸುಯ್ಯೆಂಬ ಸ್ವರ ಹೊರಟು, ಆರುತ್ತಿರುವ ಸ್ಪಿರಿಟಿನ ಜ್ವಾಲೆಯಿಂದಲೇ ಅನಿಲವು ಹೊತ್ತಿಕೊಂಡು, ಕುಗ್ಗಿದ್ದ ಚೀಲವು ಒಳಗಿನ ಒತ್ತಡದಿಂದ ಉಬ್ಬಿ ದುಂಡಗಾಗಿ, ಮೊದಲು ಹಳದಿ, ಮರುಗಳಿಗೆಯಲ್ಲಿ ಬಿಳಿ, ಬಳಿಕ ನೋಡಲಾಗದಂಥ ಧವಳಪ್ರಭೆ ಅಂಗಳವನ್ನು ತುಂಬುತ್ತದೆ. ಆಮೇಲೆ ಒತ್ತಡಮಾಪಕದ ಮುಳ್ಳು ಕೆಂಪು ಗೆರೆಯನ್ನು ಮುಟ್ಟುವವರೆಗೆ ಪಂಪು ಹೊಡೆಯಬಹುದು, ಅದನ್ನು ದಾಟಿಸತಕ್ಕದ್ದಲ್ಲ. ಐನೂರು ಮೇಣದಬತ್ತಿಗಳ ಶಕ್ತಿಯದೆಂದು ಹೆಸರಾದ ದೊಡ್ಡ ಮಾದರಿಯ ದೀಪವು ಒಂದು ಲೀಟರ್ ಎಣ್ಣೆಯಲ್ಲಿ ಸುಮಾರು ಎಂಟು ಗಂಟೆ ಉರಿಯುತ್ತದೆ. ಅಡಿಕೆ ಸುಲಿತದ ರಾತ್ರಿಗೆ ಅದು ಯಥೇಷ್ಟ, ಯಕ್ಷಗಾನದ ರಾತ್ರಿಗೆ ಮಾತ್ರ ಬೆಳಗಿನ ಜಾವ ಇನ್ನೊಮ್ಮೆ ಎಣ್ಣೆ ಕಾಣಿಸಬೇಕಾಗುತ್ತಿತ್ತು.

ಕೊಳವೆಯು ಕಾಯುವ ಮೊದಲೇ ಚಕ್ರವನ್ನು ತೆರೆದರೆ ಆವಿಯ ಬದಲು ಹಸಿ ಎಣ್ಣೆಯೇ ರಂಧ್ರದಿಂದ ಚಿಮ್ಮಿ, ಮ್ಯಾಂಟಲನ್ನು ತೋಯಿಸಿ, ಗಾಜಿನ ಒಳಗೂ ತಲೆಯ ಮೇಲೂ ಭಗ್ಗನೆ ಹಳದಿ ಜ್ವಾಲೆ ಏಳುತ್ತದೆ, ಮಸಿ ಸುರಿಯುತ್ತದೆ. ಜನರು ದೂರ ಓಡುವುದು ಈ ಜ್ವಾಲೆಯನ್ನು ಕಂಡೇ. ಆದರೆ ಪರಿಹಾರವು ಅತಿ ಸುಲಭ: ಗಾಳಿ ತಿರುಪನ್ನು ಸಡಿಲಿಸಿದರೆ ತೊಟ್ಟಿಯ ಒತ್ತಡವು ಹೊರಟುಹೋಗಿ, ಎಣ್ಣೆಯು ಏರುವುದು ನಿಂತು, ಜ್ವಾಲೆಯು ತಾನಾಗಿ ಕುಗ್ಗಿ ಆರುತ್ತದೆ. ನೀರು ಹೊಯ್ಯುವುದೂ ಗೋಣಿ ಮುಚ್ಚುವುದೂ ಬೇಡ; ನೀರು ಬಿದ್ದರೆ ಕಾದ ಗಾಜು ಸಿಡಿಯುವುದೊಂದೇ ಲಾಭ. ದೀಪವನ್ನು ಆರಿಸುವ ನಿತ್ಯಕ್ರಮವೂ ಇದೇ ತಿರುಪಿನಿಂದಲೇ. ಆದುದರಿಂದ ಹೊಸಬನು ಹೊತ್ತಿಸುವುದನ್ನು ಕಲಿಯುವುದಕ್ಕೆ ಮೊದಲು ಆ ತಿರುಪಿನ ಸ್ಥಾನವನ್ನು ಕಣ್ಣು ಮುಚ್ಚಿ ಮುಟ್ಟುವಂತೆ ಕೈಗೆ ಅಭ್ಯಾಸ ಮಾಡಿಸಿಕೊಳ್ಳಲಿ. ಮ್ಯಾಂಟಲಿನಲ್ಲಿ ತೂತು ಬಿದ್ದಿದ್ದರೆ, ಬೆಳಕು ಸಾಕಷ್ಟಿದೆಯೆಂದು ಮುಂದುವರಿಸುವ ಲೋಭವನ್ನು ಬಿಡತಕ್ಕದ್ದು. ತೂತಿನಿಂದ ಹೊರಟ ನೀಲಿ ನಾಲಗೆಯು ಗಾಜಿನ ಒಂದೇ ಎಡೆಯನ್ನು ಸುಡುತ್ತ ಅದನ್ನು ಸೀಳಿಬಿಡುತ್ತದೆ, ಮ್ಯಾಂಟಲಿಗಿಂತ ಗಾಜು ಹೆಚ್ಚು ಬೆಲೆಯದು.

ದೀಪವನ್ನು ಬಿಚ್ಚಿ ಮತ್ತೆ ಕಟ್ಟುವ ವಿಷಯದಲ್ಲಿ ತೊಂದರೆಯ ಮೂಲವು ಬಹುತೇಕ ಎರಡೇ ಕಡೆಗಳಲ್ಲಿ. ಒಂದು ಆವಿಕೊಳವೆ. ಎಣ್ಣೆಯು ಆವಿಯಾಗುವಾಗ ಆವಿಯಾಗದ ಅಂಶವು ಇಂಗಾಲವಾಗಿ ಕೊಳವೆಯ ಒಳಮೈಗೆ ಅಂಟುತ್ತ ಬರುತ್ತದೆ. ಪಡಿತರದ ನೀಲಿ ಎಣ್ಣೆಯಲ್ಲಿ ಕಲ್ಮಷ ಹೆಚ್ಚಾದಷ್ಟೂ ಅದು ಬೇಗ ಕಟ್ಟಿಕೊಳ್ಳುತ್ತದೆ. ಬೆಳಕು ದಿನದಿಂದ ದಿನಕ್ಕೆ ಕುಗ್ಗುತ್ತ, ಉಸಿರು ಹಿಡಿದಂತೆ ಏರಿಳಿಯತೊಡಗಿದರೆ ಕೊಳವೆ ಕಟ್ಟಿದೆಯೆಂದು ತಿಳಿಯಬೇಕು. ಚಕ್ರವನ್ನು ಒಂದು ಸುತ್ತು ಚಕ್ಕನೆ ತಿರುಗಿಸಿದರೆ ಒಳಗಿನ ಸೂಜಿಯು ಆವಿ ಚಿಮ್ಮುವ ನಿಪ್ಪಲ್ಲಿನ ರಂಧ್ರದ ಮೂಲಕ ಮೇಲೆದ್ದು ಇಳಿದು ಅದನ್ನು ಶುದ್ಧಗೊಳಿಸುತ್ತದೆ; ಉರಿಯುತ್ತಿರುವಾಗಲೂ ಇದನ್ನು ಮಾಡಬಹುದು. ಅದರಿಂದಲೂ ಫಲ ಕಾಣದಿದ್ದರೆ, ದೀಪವು ಸಂಪೂರ್ಣ ತಣಿದ ಮೇಲೆ, ಒತ್ತಡವನ್ನು ಬಿಟ್ಟು, ನಿಪ್ಪಲ್ಲನ್ನು ಬಿಚ್ಚಿ, ಬಾಗಿದ ಸೂಜಿಯನ್ನು ಬದಲಿಸಿ, ಕೊಳವೆಯನ್ನು ಕಳಚಿ, ಒಳಗಿನ ಕರಿಯನ್ನು ಕೆರೆದು ತೆಗೆಯಬೇಕು. ಹಿಂದಕ್ಕೆ ಜೋಡಿಸುವಾಗ ತಿರುಪಿನ ಹಲ್ಲು ಸರಿಯಾಗಿ ಕಚ್ಚಿದೆಯೇ ಎಂಬುದನ್ನು ಬೆರಳಿನಿಂದಲೇ ತಿರುಗಿಸಿ ನೋಡಿ, ಆಮೇಲೆ ಮಾತ್ರ ಪಾನಾ ಹಾಕತಕ್ಕದ್ದು; ಹಿತ್ತಾಳೆಯು ಮೃದುಲೋಹ, ಬಲಾತ್ಕಾರವನ್ನು ಸಹಿಸದು. ಎರಡನೆಯದು ಪಂಪಿನ ಚರ್ಮದ ವಾಷರು. ಪಂಪು ಒತ್ತಿದರೂ ಮುಳ್ಳು ಮೇಲೇಳದಿದ್ದರೆ ಈ ಚರ್ಮದ ಬಟ್ಟಲು ಒಣಗಿ ಮುದುರಿದೆಯೆಂದೇ ಅರ್ಥ; ಅದನ್ನು ಹೊರತೆಗೆದು ಎಣ್ಣೆಯಲ್ಲಿ ನೆನೆಸಿ, ಅಂಚನ್ನು ಬೆರಳಿನಿಂದ ಹೊರಮೊಗವಾಗಿ ಹರಡಿದರೆ ಗಾಳಿಯನ್ನು ಮತ್ತೆ ಹಿಡಿಯುತ್ತದೆ. ಪಂಪಿನ ಹಿಡಿಯು ತಾನಾಗಿ ಮೇಲಕ್ಕೆ ಏಳುತ್ತಿದ್ದರೆ ತಪ್ಪು ವಾಷರಿನದಲ್ಲ, ತಳದ ಕವಾಟದ್ದು. ಅದರ ರಬ್ಬರು ಸವೆದಿರುತ್ತದೆ. ಬೆಸುಗೆ ಬಿಟ್ಟ ತೊಟ್ಟಿಯನ್ನು ಮಾತ್ರ ಮನೆಯಲ್ಲಿ ರಿಪೇರಿ ಮಾಡುವ ಗೋಜಿಗೆ ಹೋಗಕೂಡದು, ಅದನ್ನು ಕೈಬಿಡುವುದೇ ಲೇಸು.

ಈ ದೀಪವನ್ನು ಹೊತ್ತವರ ಮಾತನ್ನು ಬಿಟ್ಟು ಅದರ ಕಥೆಯನ್ನು ಹೇಳುವುದು ನ್ಯಾಯವಲ್ಲ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ ತುಂಗೆಯ ದಡದ ಅಂಗಡಿಸಾಲುಗಳಲ್ಲಿಯೂ, ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿಯೂ, ಕರಾವಳಿಯಿಂದ ಘಟ್ಟವೇರಿ ಬಂದ ಮೇಳಗಳ ಬಯಲಾಟಗಳಲ್ಲಿಯೂ ದೊಂದಿ, ಪಂಜು, ದೀವಟಿಗೆಗಳ ಜಾಗವನ್ನು ಗ್ಯಾಸ್‌ಲೈಟು ಆಕ್ರಮಿಸಿತು. ದೀವಟಿಗೆಯ ಕೆಂಬೆಳಕು ಬಣ್ಣದ ವೇಷಕ್ಕೆ ಕೊಡುತ್ತಿದ್ದ ಭೀಕರವಾದ ಗಾಂಭೀರ್ಯವನ್ನು ಈ ಬಿಳಿ ಬೆಳಕು ಕಸಿದುಕೊಂಡಿತೆಂದು ಕೊರಗುವ ಹಿರಿಯ ರಸಿಕರ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಹಿಂದಿನ ಸಾಲಿನಲ್ಲಿ ಕುಳಿತ ಮುದುಕಿಗೂ ವೇಷಧಾರಿಯ ಕಣ್ಣಿನ ಚಲನೆಯು ಕಂಡಿದ್ದು ಈ ಬೆಳಕಿನಲ್ಲಿಯೇ. ಮದುವೆಯ ದಿಬ್ಬಣಗಳಲ್ಲಿ ಇದನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದವರಾದರೋ ಕೂಲಿಯ ಬಡವರು, ಬಹುಮಟ್ಟಿಗೆ ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟ ಜನ. ಸಿಂಬೆಯನ್ನಿಟ್ಟು, ಕುದಿಯುವ ಎಣ್ಣೆಯ ವಾಸನೆಯನ್ನೂ ನೆತ್ತಿಯನ್ನು ಸುಡುವ ಶಾಖವನ್ನೂ ಸಹಿಸಿಕೊಂಡು, ಎಡವದೆ, ಕುಲುಕದೆ ಹರದಾರಿಗಟ್ಟಲೆ ನಡೆದು ಬಂದವರು, ದಿಬ್ಬಣವು ಮನೆಯ ಬಾಗಿಲನ್ನು ಹೊಕ್ಕಾಗ ಅಂಗಳದ ಹೊರಗೇ ನಿಲ್ಲುತ್ತಿದ್ದರು. ಬೂದಿಯ ಚೀಲವೊಂದು ಒಡೆಯದಂತೆ ಕಾಡುದಾರಿಯಲ್ಲಿ ಅದನ್ನು ಹೊತ್ತು ತರುವುದು ಎಂತಹ ಕೌಶಲವೆಂಬುದು ಮ್ಯಾಂಟಲ್ ಕಟ್ಟಿ ನೋಡಿದವರಿಗೇ ಗೊತ್ತು. ಆ ಕೌಶಲಕ್ಕೆ ಸಲ್ಲಬೇಕಾದ ಗೌರವವನ್ನು ನಮ್ಮ ಹಿರಿಯರು ಸಲ್ಲಿಸಲಿಲ್ಲ.

ವಿದ್ಯುತ್ತು ಬಂದ ಬಗೆಯನ್ನು ನೆನೆದರೂ ಮನಸ್ಸು ಭಾರವಾಗುತ್ತದೆ. ಜೋಗದ ವಿದ್ಯುದಾಗಾರವು 1948ರಲ್ಲಿ ಕೆಲಸಕ್ಕೆ ತೊಡಗಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಸಾಗರ, ಹೊಸನಗರ ತಾಲೂಕುಗಳ ಅಸಂಖ್ಯ ಗದ್ದೆ ತೋಟಗಳನ್ನು ಶರಾವತಿಯು ತನ್ನೊಡಲಿಗೆ ತೆಗೆದುಕೊಂಡಳು. ಮುಂದೆ ಹೊಸನಗರ ತಾಲೂಕಿನ ಮಾಣಿಯಲ್ಲಿ ವಾರಾಹಿ ನದಿಗೂ ಕಟ್ಟೆ ಬಿದ್ದಿತು. ನಾಡಿನ ಗಿರಣಿಗಳೂ ನಗರಗಳೂ ಈ ನೀರಿನಿಂದ ಬೆಳಗಿದುವು. ಮನೆ ಬಿಟ್ಟೆದ್ದು ಹೋದ ಕುಟುಂಬಗಳೂ, ಹಿನ್ನೀರಿನ ಆಚೆಗೆ ಸಿಕ್ಕಿಬಿದ್ದ ತುಮರಿಯ ಕಡೆಯ ಹಳ್ಳಿಗಳೂ ಎಷ್ಟೋ ಕಾಲ ಸೀಮೆಎಣ್ಣೆಯ ಬೆಳಕಿನಲ್ಲಿಯೇ ಬಾಳಿದುವು. ಆ ಕಡೆಗೆ ಸೇತುವೆಯೇ ಆದುದು 2025ರಲ್ಲಿ. ಗ್ಯಾಸ್‌ಲೈಟಿನ ವಿದ್ಯೆಯು ಮಲೆನಾಡಿನ ಮೂಲೆಗಳಲ್ಲಿ ಅಷ್ಟು ದೀರ್ಘಕಾಲ ಬದುಕಿ ಉಳಿದುದಕ್ಕೆ ಆಸಕ್ತಿಯು ಮಾತ್ರವೇ ಕಾರಣವಲ್ಲ; ಬೇರೆ ದಾರಿಯಿಲ್ಲದಿದ್ದುದೂ ಕಾರಣ. ಈಗಲೂ ಆಷಾಢದ ಗಾಳಿಗೆ ಮರವುರುಳಿ ತಂತಿ ಹರಿದರೆ ಒಳನಾಡಿನ ಮನೆಗಳು ದಿನಗಟ್ಟಲೆ ಕತ್ತಲೆಯಲ್ಲಿರುವುದುಂಟು.

ಮತ್ತೆ ಹೊತ್ತಿಸಬೇಕೆಂದಿರುವವರು ತಿಳಿದಿರಬೇಕಾದ ಕೆಲವು ಎಚ್ಚರಗಳಿವೆ. ಸೀಮೆಎಣ್ಣೆ ಸಿಗಲಿಲ್ಲವೆಂದು ಪೆಟ್ರೋಲನ್ನು ಹಾಕುವುದು ಪ್ರಾಣಾಂತಕ. ಒತ್ತಡದ ತೊಟ್ಟಿಯಲ್ಲಿ ಅದು ಸ್ಫೋಟಕಕ್ಕೆ ಸಮಾನವಾದುದು. ಮುಚ್ಚಿದ ಕೋಣೆಯಲ್ಲಿ ಈ ದೀಪವನ್ನು ಉರಿಸಬಾರದು, ಅದು ಗಾಳಿಯ ಆಮ್ಲಜನಕವನ್ನು ತಿಂದು ವಿಷಾನಿಲವನ್ನು ಹೊರಡಿಸಬಲ್ಲುದು. ಅಂಗಳವೂ ತೆರೆದ ಜಗಲಿಯೂ ಅದಕ್ಕೆ ತಕ್ಕ ಸ್ಥಾನ. ಥೋರಿಯಮ್ಮು ವಿಕಿರಣಶೀಲ ಧಾತು. ಅದರ ಅರ್ಧಾಯುಷ್ಯವು ಸುಮಾರು 1,400 ಕೋಟಿ ವರ್ಷಗಳಷ್ಟು ದೀರ್ಘವಾದುದರಿಂದ ವಿಕಿರಣವು ಮಂದವಾದುದು, ದೂರದಲ್ಲಿ ಕುಳಿತವನಿಗೆ ಅದರಿಂದ ಭಯವಿಲ್ಲ. ಆದರೆ ಅದರ ಧೂಳು ಉಸಿರಿನೊಡನೆ ಒಳಹೋಗುವುದು ಹಿತವಲ್ಲ. ಒಡೆದ ಮ್ಯಾಂಟಲಿನ ಬೂದಿಯನ್ನು ಊದಿ ಹಾರಿಸದೆ, ಒದ್ದೆ ಬಟ್ಟೆಯಿಂದ ಒರೆಸಿ, ಕಾಗದದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದೆಡೆ ಹೂಳಬೇಕು. ಕೈಯನ್ನು ತೊಳೆದುಕೊಂಡೇ ತಾಂಬೂಲಕ್ಕೆ ಕೈ ಹಾಕಬೇಕು. ಈಚೆಗೆ ಥೋರಿಯಮ್ಮಿಗೆ ಬದಲಾಗಿ ಯಿಟ್ರಿಯಂ ಎಂಬ ಧಾತುವನ್ನು ಬಳಸಿದ ಮ್ಯಾಂಟಲುಗಳೂ ಬಂದಿವೆ. ಸಿಕ್ಕುವುದಾದರೆ ಅವನ್ನೇ ಕೊಳ್ಳುವುದು ಮೇಲು.

ಯಕ್ಷಗಾನದ ಮೇಳಗಳು ಆಟದ ಋತು ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿ, ಮುಂಗಾರಿನ ಮೋಡ ಪಶ್ಚಿಮದಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ದೀಪವನ್ನು ಅಟ್ಟಕ್ಕೇರಿಸುವ ಕಾಲ ಬರುತ್ತದೆ. ತೊಟ್ಟಿಯ ಎಣ್ಣೆಯನ್ನು ಪೂರ್ತಿ ಬಗ್ಗಿಸಿ ತೆಗೆದು, ತಳದ ಗಸಿಯನ್ನು ಹೊಸ ಎಣ್ಣೆಯಿಂದ ಅಲುಬಿ ಚೆಲ್ಲಬೇಕು. ಗಾಳಿ ತಿರುಪನ್ನು ಸಡಿಲವಾಗಿಡಬೇಕು. ಮ್ಯಾಂಟಲನ್ನು ಕಿತ್ತು, ಪಿಂಗಾಣಿಯ ಮೂತಿಯನ್ನು ಒರೆಸಬೇಕು. ಪಂಪಿನ ಚರ್ಮಕ್ಕೆ ಎರಡು ಹನಿ ಎಣ್ಣೆಯನ್ನು ಕಾಣಿಸಬೇಕು. ಹಿತ್ತಾಳೆಯನ್ನು ಹುಣಸೆಹುಳಿಯಿಂದ ಬೆಳಗುವವರು ಆ ಹುಳಿಯು ತಿರುಪಿನ ಸಂದುಗಳಲ್ಲಿ ಉಳಿಯದಂತೆ ತೊಳೆದು ಬಿಸಿಲಿಗಿಡಲಿ, ಉಳಿದರೆ ಮಳೆಗಾಲದ ಥಂಡಿಯಲ್ಲಿ ಅಲ್ಲಿಯೇ ಕಿಲುಬು ಹಿಡಿಯುತ್ತದೆ. ಗಾಜನ್ನು ಬೇರೆ ತೆಗೆದು ಹುಲ್ಲಿನಲ್ಲಿ ಸುತ್ತಿ, ಸ್ಪಿರಿಟಿನ ಡಬ್ಬಿಯನ್ನು ಅಡುಗೆಮನೆಯಿಂದ ದೂರವಿರಿಸಿ, ಸೂಜಿ, ನಿಪ್ಪಲ್, ವಾಷರುಗಳ ಒಂದೊಂದು ಹೆಚ್ಚಿನ ಪ್ರತಿಯನ್ನು ತಗಡಿನ ಡಬ್ಬಿಯಲ್ಲಿ ಹಾಕಿ ದೀಪದ ಹಿಡಿಕೆಗೇ ಕಟ್ಟಿಡುವುದು ಒಳ್ಳೆಯದು. ಅವು ಈಗ ಪೇಟೆಯಲ್ಲಿ ಕೇಳಿದೊಡನೆ ಸಿಗುವ ಸಾಮಾನುಗಳಲ್ಲ.